ಉನ್ಮಾದಕ್ಕೆ ಉಪ್ಪಿನ ಮದ್ದು: ಜಾನ್ ಕೇಡ್

ಮನಸ್ಸಿನ ರೋಗಗಳ ವಿಷಯದಲ್ಲಿ ನಮ್ಮ ಮಾತು ಬಹಳ ಜಿಪುಣ. ಹುಚ್ಚು ಎಂಬ ಒಂದೇ ಶಬ್ದದಲ್ಲಿ ಹತ್ತಾರು ಬೇರೆ ಬೇರೆ ರೋಗಗಳನ್ನು ಹೇಳಿ ಮುಗಿಸಿಬಿಡುತ್ತೇವೆ. ಮೈ ಬಿಸಿಯಾದವರಿಗೆಲ್ಲ ಒಂದೇ ಮದ್ದು ಕೊಡುವ ವೈದ್ಯನನ್ನು ಯಾರೂ ನಂಬರು. ಮಲೇರಿಯಾ ಬೇರೆ, ವಿಷಮಶೀತಜ್ವರ ಬೇರೆ ಎಂಬುದು ಎಲ್ಲರಿಗೂ ಗೊತ್ತು. ಚಿತ್ತದ ರೋಗಗಳಲ್ಲಿ ಮಾತ್ರ ಈ ವಿವೇಕ ಜಗತ್ತಿಗೆ ತಡವಾಗಿ ಬಂದಿತು. ಅದನ್ನು ತಂದವರಲ್ಲಿ ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ಒಬ್ಬನು. ಆತನ ಹೆಸರು ಕನ್ನಡದ ಕಿವಿಗೆ ಕೇಡೆಂದು ಕೇಳಿಸುವುದೇನೋ ನಿಜ. ಆದರೆ ಆತನು ಮಾಡಿದ್ದು ಬಹುಜನರ ಕೇಡನ್ನು ತಪ್ಪಿಸಿದ ಕೆಲಸ. ಆತನನ್ನು ಕುರಿತು ನಾನು ಓದಿ ತಿಳಿದುದರಲ್ಲಿ ಮನಸ್ಸಿಗೆ ನಾಟಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಕೇಡ್ ಹುಟ್ಟಿದ್ದು 1912ರ ಜನವರಿ 18ರಂದು, ವಿಕ್ಟೋರಿಯ ಪ್ರಾಂತದ ಮುರ್ಟೋವ ಎಂಬ ಸಣ್ಣ ಊರಿನಲ್ಲಿ. ತಂದೆಯೂ ವೈದ್ಯನೇ. ಮೊದಲನೆಯ ಮಹಾಯುದ್ಧದಿಂದ ದಣಿದು ಹಿಂದಿರುಗಿದ ಆತನು ಸ್ವಂತ ವೃತ್ತಿಯನ್ನು ಬಿಟ್ಟು ಸರ್ಕಾರದ ಮಾನಸಿಕ ಆಸ್ಪತ್ರೆಗಳಲ್ಲಿ ನೌಕರಿ ಹಿಡಿದನು. ಸಂಸಾರದ ವಾಸವೂ ಆಸ್ಪತ್ರೆಯ ಆವರಣದಲ್ಲಿಯೇ ಆಯಿತು. ಹೀಗೆ, ಬೇರೆ ಮಕ್ಕಳನ್ನು ಹೆದರಿಸಲು ಹಿರಿಯರು ಯಾರ ಹೆಸರು ಹೇಳುತ್ತಿದ್ದರೋ ಅಂಥವರ ನಡುವೆಯೇ ಈ ಹುಡುಗ ಬೆಳೆದನು. ರೋಗಿಗಳನ್ನು ಭಯವಿಲ್ಲದೆ ನೋಡುವ ಆತನ ಕಣ್ಣು ಅಲ್ಲಿಯೇ ತೆರೆಯಿತೆಂದು ನನ್ನ ಊಹೆ. ಮೆಲ್ಬರ್ನ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಓದಿದನು. ಆ ಮೇಲೆ ಸ್ವತಃ ನ್ಯುಮೋನಿಯಾದಿಂದ ಮಲಗಿದ್ದಾಗ ಉಪಚರಿಸಿದ ದಾದಿ ಜೀನ್ ಚಾರ್ಲ್ಸ್‌ಳನ್ನು 1937ರಲ್ಲಿ ಮದುವೆಯಾದನು.

ಎರಡನೆಯ ಮಹಾಯುದ್ಧ ಆತನನ್ನು ಸಿಂಗಪುರಕ್ಕೆ ಎಳೆದೊಯ್ದಿತು. 1942ರ ಫೆಬ್ರವರಿಯಲ್ಲಿ ಆ ನಗರ ಜಪಾನೀಯರ ವಶವಾದಾಗ ಕೇಡ್ ಸೆರೆಸಿಕ್ಕಿದನು. ಚಾಂಗಿ ಶಿಬಿರದಲ್ಲಿ ಮೂರೂವರೆ ವರ್ಷ ಕಳೆದವು. ಅಲ್ಲಿ ಚಿತ್ತ ಕೆಟ್ಟ ಸೈನಿಕರ ಶುಶ್ರೂಷೆ ಅವನ ಪಾಲಿಗೆ ಬಂದಿತು. ಹೊಟ್ಟೆಗಿಲ್ಲದೆ ಒಣಗಿದ ದೇಹಗಳನ್ನೂ ಕದಡಿದ ಮನಸ್ಸುಗಳನ್ನೂ ಒಟ್ಟಿಗೆ ನೋಡನೋಡುತ್ತ, ಮನೋರೋಗಗಳಲ್ಲಿ ಕೆಲವಕ್ಕಾದರೂ ಬೇರು ಶರೀರದಲ್ಲಿಯೇ ಇರಬೇಕೆಂಬ ಭಾವನೆ ಅವನಲ್ಲಿ ಗಟ್ಟಿಯಾಯಿತು.

1945ರಲ್ಲಿ ಬಿಡುಗಡೆಯಾಗಿ ಮೆಲ್ಬರ್ನ್ ಬಳಿಯ ಬಂಡೂರ ಆಸ್ಪತ್ರೆಗೆ ಸೇರಿದ ಮೇಲೆ ಆತನು ಮಾಡಿದ ಸಂಶೋಧನೆ ನಮ್ಮ ಕಾಲೇಜಿನ ವಿಜ್ಞಾನ ವಿಭಾಗದವರಿಗೂ ನಗು ತರಿಸೀತು. ಪ್ರಯೋಗಶಾಲೆಯೆಂದರೆ ಬಳಕೆ ತಪ್ಪಿದ ಒಂದು ಉಗ್ರಾಣದ ಕೋಣೆ. ಪರೀಕ್ಷಾವಸ್ತು ರೋಗಿಗಳ ಮೂತ್ರ. ಅದರ ಸೀಸೆಗಳು ಮನೆಯ ರೆಫ್ರಿಜರೇಟರಿನಲ್ಲಿ ಊಟದ ಪದಾರ್ಥಗಳ ಜೊತೆಗೇ ಇರುತ್ತಿದ್ದವಂತೆ. ಆ ಮನೆಯ ಗೃಹಿಣಿಯ ಸಹನೆಗೂ ವೈದ್ಯಶಾಸ್ತ್ರ ಕೃತಜ್ಞವಾಗಿರಬೇಕು!

ಆತನ ತರ್ಕ ಸರಳವಾಗಿತ್ತು. ಉನ್ಮಾದದಲ್ಲಿ ಯಾವುದೋ ವಸ್ತು ದೇಹದಲ್ಲಿ ಹೆಚ್ಚಿದ್ದರೆ ಅದು ಮೂತ್ರದಲ್ಲಿ ಹೊರಬರಬೇಕು. ಗಿನಿಪಿಗ್‌ಗಳಿಗೆ ಆ ಮೂತ್ರವನ್ನು ಚುಚ್ಚಿದನು. ಯೂರಿಕ್ ಆಮ್ಲದ ಮೇಲೆ ಸಂಶಯ ಬಂದಿತು. ಅದು ನೀರಿನಲ್ಲಿ ಸುಲಭವಾಗಿ ಕರಗದು. ಕರಗಲೆಂದು ಲಿಥಿಯಂ ಯೂರೇಟ್ ಎಂಬ ಲವಣವನ್ನು ಹಿಡಿದನು. ವಿಷ ಹೆಚ್ಚುವುದರ ಬದಲು ಕಡಿಮೆಯಾಯಿತು! ಆಗ ಲಿಥಿಯಂ ಕಾರ್ಬೊನೇಟನ್ನೇ ಕೊಟ್ಟು ನೋಡಿದರೆ, ಬೆದರುವ ಸ್ವಭಾವದ ಆ ಪ್ರಾಣಿಗಳು ಎರಡು ಗಂಟೆಗಳಲ್ಲಿ ಮಂಕಾಗಿ, ಅಂಗಾತ ಮಲಗಿಸಿದರೂ ಸುಮ್ಮನೆ ಬಿದ್ದಿದ್ದವು. ಆ ಮಂಕು ವಿಷದ ಲಕ್ಷಣವೇ ಇರಬಹುದೆಂದು ನಂತರದವರು ಹೇಳಿದ್ದಾರೆ. ಹಾಗಾದರೆ ಕೇಡ್ ಹಿಡಿದ ಎಳೆ ತಪ್ಪು, ಮುಟ್ಟಿದ ಊರು ಸರಿ. ಆದರೂ ಇದನ್ನು ಬರಿಯ ಅದೃಷ್ಟವೆನ್ನಲು ನನಗೆ ಮನಸ್ಸಿಲ್ಲ; ಅನಿರೀಕ್ಷಿತವಾದುದನ್ನು ಕಂಡಾಗ ಕಣ್ಣು ಮುಚ್ಚದಿರುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ.

ರೋಗಿಗೆ ಕೊಡುವ ಮೊದಲು ಆತನು ಲಿಥಿಯಂ ಲವಣವನ್ನು ತಾನೇ ನುಂಗಿ ನೋಡಿದನು. 1948ರ ಮಾರ್ಚ್ 29ರಂದು ಮೊದಲ ರೋಗಿಗೆ ಕೊಟ್ಟನು. ಆ ರೋಗಿಗೆ 51 ವರ್ಷ. ಐದು ವರ್ಷಗಳಿಂದ ಬಿಡದ ಉನ್ಮಾದ. ಕೊಳಕು, ಕೂಗಾಟ, ಕುಚೇಷ್ಟೆಗಳಿಂದ ಇಡೀ ವಾರ್ಡಿಗೇ ತೊಡಕಾಗಿದ್ದವನು. ಕೆಲವೇ ವಾರಗಳಲ್ಲಿ ಮಾತು ತಹಬಂದಿಗೆ ಬಂದಿತು. ಜುಲೈ ತಿಂಗಳಿನಲ್ಲಿ ಆತನು ಮನೆಗೆ ಹೋದನು, ಹಳೆಯ ಕೆಲಸಕ್ಕೂ ಸೇರಿದನು.

1949ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ವೈದ್ಯಪತ್ರಿಕೆಯಲ್ಲಿ ಕೇಡ್ ತನ್ನ ವರದಿಯನ್ನು ಪ್ರಕಟಿಸಿದನು. ಉನ್ಮಾದದ ಹತ್ತು ಮಂದಿಯೂ ಸುಧಾರಿಸಿದ್ದರು. ಸ್ಕಿಜೋಫ್ರೇನಿಯದ ಆರು ಮಂದಿಯಲ್ಲಿ ಕೆಲವರ ಚಡಪಡಿಕೆ ಇಳಿದರೂ ಮೂಲರೋಗ ಹಾಗೆಯೇ ಉಳಿದಿತ್ತು. ವಿಷಾದರೋಗದ ಮೂವರಿಗೆ ಗುಣ ಕಾಣಲಿಲ್ಲ. ಹತ್ತು ಗೆಲುವುಗಳಿಗಿಂತ ಈ ಸೋಲುಗಳೇ ನನಗೆ ಹೆಚ್ಚು ಬೆಲೆಯುಳ್ಳವಾಗಿ ತೋರುತ್ತವೆ. ಜರ್ಮನಿಯ ಕ್ರೇಪೆಲಿನ್ 1899ರಲ್ಲಿಯೇ ಉನ್ಮಾದ-ವಿಷಾದಗಳ ರೋಗವನ್ನು ಇನ್ನೊಂದು ಬಗೆಯಿಂದ ಬೇರ್ಪಡಿಸಿದ್ದನು. ಆದರೆ ಎಲ್ಲರಿಗೂ ಬ್ರೋಮೈಡೋ ಪ್ಯಾರಾಲ್ಡಿಹೈಡೋ ಕುಡಿಸಿ ಮಲಗಿಸುತ್ತಿದ್ದ ದಿನಗಳಲ್ಲಿ ಹೆಸರು ಯಾವುದಾದರೂ ರೋಗಿಗೆ ದೊಡ್ಡ ಲಾಭವೇನೂ ಇರಲಿಲ್ಲ. ಒಂದು ರೋಗಕ್ಕೆ ಹತ್ತಿ ಇನ್ನೊಂದಕ್ಕೆ ಹತ್ತದ ಮದ್ದು ಬಂದ ಮೇಲೆ ರೋಗವನ್ನು ಗುರುತಿಸುವುದು ಬದುಕು ಸಾವಿನ ಪ್ರಶ್ನೆಯಾಯಿತು.

ಗುರುತಿಸುವುದು ಹೇಗೆ? ಉನ್ಮಾದದವನು ರಾತ್ರಿ ಎರಡು ಗಂಟೆ ಮಲಗಿಯೂ ದಣಿಯನು, ಮಾತು ತಡೆಯಿಲ್ಲದೆ ಹರಿಯುತ್ತದೆ, ಇರುವ ಹಣವನ್ನೆಲ್ಲ ಚೆಲ್ಲುತ್ತಾನೆ, ಅಡ್ಡ ಬಂದವರ ಮೇಲೆ ಸಿಡಿಯುತ್ತಾನೆ, ವಾರಗಟ್ಟಲೆ ಹೀಗೆಯೇ. ಮನೆಯವರು ಮೊದಲಿಗೆ ಇದನ್ನು ಹುರುಪೆಂದೇ ತಿಳಿಯುವುದುಂಟು. ವಿಷಾದದವನಿಗೆ ಎರಡು ವಾರಕ್ಕೂ ಮೀರಿ ಯಾವುದರಲ್ಲಿಯೂ ರುಚಿಯಿಲ್ಲ. ನಿದ್ದೆ, ಹಸಿವುಗಳು ಕೆಡುತ್ತವೆ. ಸಾವಿನ ಯೋಚನೆ ಸುಳಿಯುತ್ತದೆ. ಇಲ್ಲದ ದನಿಗಳನ್ನು ಕೇಳುತ್ತ, ಯಾರೋ ಹೊಂಚುಹಾಕಿದ್ದಾರೆಂದು ಅಚಲವಾಗಿ ನಂಬಿ ತಿಂಗಳುಗಟ್ಟಲೆ ದೂರ ಸರಿಯುವುದು ಬಹುಮಟ್ಟಿಗೆ ಸ್ಕಿಜೋಫ್ರೇನಿಯದ ಗುರುತು. ಆದರೆ ತೀವ್ರವಾದ ಉನ್ಮಾದದಲ್ಲಿಯೂ ದನಿ ಕೇಳಬಹುದು. ಆದ್ದರಿಂದ ಒಂದು ದಿನದ ನೋಟ ಸಾಲದು, ರೋಗದ ಪೂರ್ವಕಥೆ ಬೇಕು. ಇಂದು ವಿಷಾದಕ್ಕೆ ಕೊಡುವ ಔಷಧಗಳನ್ನೇ, ಹಿಂದೊಮ್ಮೆ ಉನ್ಮಾದವಾಗಿದ್ದವನಿಗೆ ಒಂಟಿಯಾಗಿ ಕೊಟ್ಟರೆ ಉನ್ಮಾದ ಮರಳಿ ಕೆರಳಬಹುದು. ಆ ಹಿಂದಿನ ಕಥೆಯನ್ನು ರೋಗಿ ತಾನಾಗಿ ಹೇಳುವುದು ಅಪರೂಪ. ವೈದ್ಯನು ಕೇಳಬೇಕು, ಮನೆಯವರು ನಾಚಿಕೆ ಬಿಟ್ಟು ಹೇಳಬೇಕು.

ಮೊದಲ ರೋಗಿಯ ಕಥೆ ಸುಖವಾಗಿ ಮುಗಿಯಲಿಲ್ಲ. ಗುಣವಾಯಿತೆಂದು ಆತನು ಮದ್ದು ಬಿಟ್ಟನು, ರೋಗ ಮರಳಿತು, ಮತ್ತೆ ಆಸ್ಪತ್ರೆ, ಮತ್ತೆ ಲಿಥಿಯಂ. 1950ರ ಮೇ ತಿಂಗಳಿನಲ್ಲಿ ಆ ಮದ್ದೇ ವಿಷವಾಗಿ ಆತನು ಸತ್ತನು. ಕೇಡ್ ಎದೆಗುಂದಿ ಲಿಥಿಯಂ ಕೊಡುವುದನ್ನೇ ನಿಲ್ಲಿಸಿದನು. ಅಮೆರಿಕದಲ್ಲಿಯೂ ಹೃದ್ರೋಗಿಗಳು ಉಪ್ಪಿಗೆ ಬದಲಾಗಿ ಲಿಥಿಯಂ ಕ್ಲೋರೈಡ್ ಬಳಸಿ ಕೆಲವರು ಸತ್ತಿದ್ದರಿಂದ 1949ರಲ್ಲಿ ಅದಕ್ಕೆ ನಿಷೇಧ ಬಿದ್ದಿತ್ತು. ಔಷಧದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವಣ ಅಂತರ ಅಷ್ಟು ಕಿರಿದು.

ದಾರಿ ತೋರಿದವರು ಬೇರೆಯವರು. ಮೆಲ್ಬರ್ನಿನಲ್ಲಿಯೇ ಟ್ರೌಟ್ನರ್ ಮತ್ತು ಸಂಗಡಿಗರು ರಕ್ತದಲ್ಲಿನ ಲಿಥಿಯಂ ಅಳೆದು ಕೊಡುವ ಕ್ರಮವನ್ನು ಬೆಳೆಸಿ, 1951ರಲ್ಲಿ ನೂರಕ್ಕೂ ಮೇಲ್ಪಟ್ಟ ರೋಗಿಗಳ ವರದಿಯಿತ್ತರು. ಡೆನ್ಮಾರ್ಕಿನ ಮೊಗೆನ್ಸ್ ಸ್ಕೌ 1954ರಲ್ಲಿ ಕಟ್ಟುನಿಟ್ಟಾದ ಪರೀಕ್ಷೆಯಿಂದ ಕೇಡನ ಮಾತನ್ನು ಸ್ಥಿರಪಡಿಸಿದನು. ಇಂದು ಸಾಮಾನ್ಯವಾಗಿ ಒಂದು ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರುವಂತೆ ನೋಡಿಕೊಳ್ಳುತ್ತಾರೆ. ಮೂತ್ರಪಿಂಡ, ಥೈರಾಯ್ಡುಗಳನ್ನು ಆಗಾಗ ಪರೀಕ್ಷಿಸುತ್ತಾರೆ. ಲಿಥಿಯಂ ತೆಗೆದುಕೊಳ್ಳುವವನಿಗೆ ವಾಂತಿಭೇದಿಯಾಗಿ ಕೈ ಒರಟಾಗಿ ನಡುಗಿ, ನಡಿಗೆ ತೂರಾಡಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಉಪ್ಪು, ನೀರುಗಳನ್ನು ಒಮ್ಮೆಲೇ ಕಡಿಮೆ ಮಾಡುವುದೂ ಅಪಾಯ.

ಅಮೆರಿಕ ಈ ಔಷಧವನ್ನು ಅಂಗೀಕರಿಸಿದ್ದು 1970ರಲ್ಲಿ, ಕೇಡನ ವರದಿ ಬಂದ ಇಪ್ಪತ್ತೊಂದು ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಆತನು ಮೆಲ್ಬರ್ನಿನ ರಾಯಲ್ ಪಾರ್ಕ್ ಆಸ್ಪತ್ರೆಯ ಮುಖ್ಯಸ್ಥನಾಗಿ ಬಹುಕಾಲ ಕಳೆದಿತ್ತು. 1952ರಿಂದ 1977ರವರೆಗೆ ಅಲ್ಲಿಯೇ ದುಡಿದನು. 1974ರಲ್ಲಿ ಸ್ಕೌನೊಡನೆ ಕಿಟ್ಟೇ ಪ್ರತಿಷ್ಠಾನದ ಅಂತರರಾಷ್ಟ್ರೀಯ ಪಾರಿತೋಷಕವನ್ನು ಹಂಚಿಕೊಂಡನು. 1980ರ ನವೆಂಬರ್ 16ರಂದು ತೀರಿಕೊಂಡನು.