ಅಂಚೆಯ ಮೂಲಕ ಅಂಗಸಾಧನೆ ಕಲಿಸಿದ ಅಯ್ಯರ್

ಮೈ ಕರಗಿಸುವುದಕ್ಕಾಗಿ ಹಣ ತೆರಬೇಕಾದ ಕಾಲವೊಂದು ಮಲೆನಾಡಿಗೆ ಬಂದೀತೆಂದು ಎರಡು ತಲೆಮಾರುಗಳ ಹಿಂದೆ ಯಾರೂ ಎಣಿಸಿರಲಾರರು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಬದುಕೇ ಒಂದು ವ್ಯಾಯಾಮವಾಗಿತ್ತು. ಸೊಪ್ಪಿನ ಬೆಟ್ಟದಿಂದ ಹೊರೆ ಇಳಿಸಬೇಕಿತ್ತು, ಗದ್ದೆಯ ಕೆಸರಿನಲ್ಲಿ ದಿನವಿಡೀ ಬಗ್ಗಿ ನಿಲ್ಲಬೇಕಿತ್ತು. ಕೊನೆಗೌಡರು ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ತೂಗಿ ದಾಟುತ್ತಿದ್ದರು. ಹೆಂಗಸರು ನಡುರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದರು. ಇಂದು ಸುಲಿಯುವ ಯಂತ್ರ ಬಂದಿದೆ, ನೆಲದಲ್ಲೇ ನಿಂತು ಕೊನೆ ಕೊಯ್ಯುವ ಉದ್ದನೆಯ ದೋಟಿ ಬಂದಿದೆ, ತೋಟದ ಅಂಚಿನವರೆಗೂ ಬೈಕು ಹೋಗುತ್ತದೆ. ದುಡಿಮೆಯ ಕಷ್ಟ ತಗ್ಗಿದ್ದು ಸಂತೋಷದ ಸಂಗತಿಯೇ. ಆದರೆ ಊಟದ ಬಟ್ಟಲು ಮಾತ್ರ ಹಳೆಯ ದುಡಿಮೆಯ ಅಳತೆಯಲ್ಲೇ ಉಳಿಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ, ಗಂಡಸರಾಗಲಿ ಹೆಂಗಸರಾಗಲಿ, ಹತ್ತರಲ್ಲಿ ಮೂವರ ತೂಕ ಇರಬೇಕಾದುದಕ್ಕಿಂತ ಹೆಚ್ಚು.

ಈ ಬದಲಾವಣೆಯ ಬೆನ್ನಿಗೇ ಹೊಸ ವೃತ್ತಿಯೊಂದು ತಾಲ್ಲೂಕು ಕೇಂದ್ರಗಳನ್ನು ತಲುಪಿದೆ. ಕೊಬ್ಬು ಕರಗಿಸುವ ತರಬೇತಿ ಮತ್ತು ಆಹಾರ ಸಲಹೆ ಎರಡನ್ನೂ ಒಬ್ಬರೇ ಕೊಡುವ ವೃತ್ತಿ ಅದು. ತರಬೇತುದಾರ ಊರಿನಲ್ಲೇ ಇರಬೇಕೆಂದೂ ಇಲ್ಲ. ಮೊಬೈಲ್ ಪರದೆಯ ಮೇಲೆ ಎಲ್ಲಿಂದಲೋ ಪಾಠ ಹೇಳುತ್ತಾನೆ. ಇದನ್ನು ನಮ್ಮ ಕಾಲದ ಸೃಷ್ಟಿ ಎಂದು ತಿಳಿದವರು ಬಹಳ. ಕನ್ನಡ ನಾಡಿನಲ್ಲಿ ಈ ಕೆಲಸವನ್ನು ಸುಮಾರು ನೂರು ವರ್ಷಗಳ ಹಿಂದೆಯೇ ಗೌರವದ ವೃತ್ತಿಯಾಗಿ ಕಟ್ಟಿ ನಿಲ್ಲಿಸಿದವರೊಬ್ಬರಿದ್ದರು. ಸಾಹಿತ್ಯಾಸಕ್ತರು ಅವರನ್ನು ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ಬಲ್ಲರು. ಅವರೇ ಕೋಲಾರ ವೆಂಕಟೇಶ ಅಯ್ಯರ್, ಅಂದರೆ ಕೆ.ವಿ. ಅಯ್ಯರ್.

ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದ ಹೊತ್ತಿನಲ್ಲಿ ಹುಟ್ಟಿದ ಅಯ್ಯರ್ ಬೆಳೆದದ್ದು ದೇಹದ ಬಗ್ಗೆ ಜಗತ್ತಿನ ಕಲ್ಪನೆಯೇ ಬದಲಾಗುತ್ತಿದ್ದ ಕಾಲದಲ್ಲಿ. ಯೂರೋಪಿನಲ್ಲಿ ಯೂಜೆನ್ ಸ್ಯಾಂಡೋ ಎಂಬಾತ ಸ್ನಾಯುಗಳ ಪ್ರದರ್ಶನವನ್ನೇ ಒಂದು ಕಲೆಯಾಗಿ, ಒಂದು ವ್ಯಾಪಾರವಾಗಿ ಬೆಳೆಸಿದ್ದ. 1904-05ರಲ್ಲಿ ಆತ ಭಾರತಕ್ಕೂ ಬಂದು ಹೋದ. ಆಳುವವರು ಗಂಡೆದೆಯವರು, ಆಳಿಸಿಕೊಳ್ಳುವವರು ಮೆತ್ತನೆಯ ಮೈಯವರು ಎಂಬ ವಸಾಹತುಶಾಹಿ ಹೀಯಾಳಿಕೆಗೆ ವಿದ್ಯಾವಂತ ಭಾರತೀಯ ತರುಣರು ಉತ್ತರ ಹುಡುಕುತ್ತಿದ್ದ ದಿನಗಳು ಅವು. ನಮ್ಮಲ್ಲಿ ಗರಡಿಮನೆ ಇತ್ತು, ಸಾಮು, ದಂಡೆ, ಬಸ್ಕಿ, ಜಾತ್ರೆಯ ಕುಸ್ತಿ ಕಣಗಳಿದ್ದವು. ಆದರೆ ಗರಡಿಯ ವಿದ್ಯೆ ಉಸ್ತಾದನಿಂದ ಶಿಷ್ಯನಿಗೆ ಮಣ್ಣಿನ ಮೇಲೇ ದಾಟಬೇಕಾದ ವಿದ್ಯೆ. ಕಚೇರಿಯ ಗುಮಾಸ್ತನಿಗೆ, ಕಾಲೇಜಿನ ಹುಡುಗನಿಗೆ ಅದರ ಬಾಗಿಲು ಅಷ್ಟಾಗಿ ತೆರೆದಿರಲಿಲ್ಲ.

ಅಯ್ಯರ್ ಆ ಬಾಗಿಲನ್ನು ತೆರೆದರು. 1922ರಲ್ಲಿ ಬೆಂಗಳೂರಿನ ಟಿಪ್ಪು ಸುಲ್ತಾನನ ಅರಮನೆಯಲ್ಲಿ ಅವರ ಮೊದಲ ವ್ಯಾಯಾಮಶಾಲೆ ಶುರುವಾಯಿತು. ಮುಂದೆ ಹಲವು ಕಡೆಗೆ ಸ್ಥಳಾಂತರಗೊಂಡು, 1940ರಲ್ಲಿ ಜೆ.ಸಿ. ರಸ್ತೆಯಲ್ಲಿ ಅದಕ್ಕೆಂದೇ ಕಟ್ಟಿಸಿದ ಸ್ವಂತ ಕಟ್ಟಡದಲ್ಲಿ ನೆಲೆ ನಿಂತಿತು. ನೆಲೆಯಿಲ್ಲದ ಈ ಹದಿನೆಂಟು ವರ್ಷಗಳನ್ನು ಗಮನಿಸಬೇಕು. ಸರಕಾರದ ಹುದ್ದೆಯೇ ಬಾಳಿನ ಗುರಿಯೆಂದು ಮಧ್ಯಮ ವರ್ಗ ನಂಬಿದ್ದ ಮೈಸೂರು ಸಂಸ್ಥಾನದಲ್ಲಿ ವ್ಯಾಯಾಮ ಕಲಿಸುವುದನ್ನೇ ಜೀವನೋಪಾಯವಾಗಿ ಆರಿಸಿಕೊಳ್ಳಲು ಎದೆಗಾರಿಕೆ ಬೇಕಿತ್ತು. ಅಂದಿನ ಅಂಗಸಾಧನೆಯ ಲೋಕದ ವಾಡಿಕೆಯಂತೆ ಅವರು ಪ್ರೊಫೆಸರ್ ಅಯ್ಯರ್ ಎನಿಸಿಕೊಂಡರು.

ಅವರ ಪದ್ಧತಿಯ ವೈಶಿಷ್ಟ್ಯವೆಂದರೆ ಎರಡು ಧಾರೆಗಳ ಸಂಗಮ. ಪಶ್ಚಿಮದ ಭಾರ ಎತ್ತುವ ವ್ಯಾಯಾಮದಿಂದ ಸ್ನಾಯುಗಳ ಬೆಳವಣಿಗೆ, ಹಠಯೋಗದ ಆಸನಗಳಿಂದ ಒಳಾಂಗಗಳ ಆರೋಗ್ಯ. ಇವೆರಡೂ ಒಂದಕ್ಕೊಂದು ಪೂರಕವೆಂಬುದು ಅವರ ನಿಲುವಾಗಿತ್ತು. 1930ರಲ್ಲಿ ಅವರ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’, ಮರುವರ್ಷ ‘ಸೂರ್ಯ ನಮಸ್ಕಾರ’ ಎಂಬ ಇಂಗ್ಲಿಷ್ ಪುಸ್ತಕಗಳು ಪ್ರಕಟವಾದವು. ಅವರ ಭಾವಚಿತ್ರಗಳು ವಿದೇಶದ ಅಂಗಸಾಧನೆಯ ಪತ್ರಿಕೆಗಳಲ್ಲಿ ಅಚ್ಚಾದವು. ಅವರ ಒಡನಾಡಿ ಸುಂದರಂ ಯೋಗಾಸನಗಳ ಬಗ್ಗೆ ಪುಸ್ತಕ ಬರೆದರು. ಇಬ್ಬರೂ ಸೇರಿ ಊರೂರು ಸುತ್ತಿ ಉಪನ್ಯಾಸ, ಪ್ರಾತ್ಯಕ್ಷಿಕೆಗಳನ್ನು ನಡೆಸಿದರು. ಯೋಗವೆಂದರೆ ಸನ್ಯಾಸಿಗಳ ಸಾಧನೆ ಎಂದಿದ್ದ ಕಾಲದಲ್ಲಿ ಅದನ್ನು ಗೃಹಸ್ಥನ ದಿನಚರಿಗೆ ತಂದವರಲ್ಲಿ ಅಯ್ಯರ್ ಅವರೂ ಒಬ್ಬರು.

ಮೈಸೂರಿನ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರ ಆರೋಗ್ಯ ಪಾಲನೆಯಲ್ಲಿ ಅಯ್ಯರ್ ಪಾತ್ರ ವಹಿಸಿದ್ದರು. ಮಹಾರಾಜರ ಅಪೇಕ್ಷೆಯಂತೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ವ್ಯಾಯಾಮಶಾಲೆಯ ಶಾಖೆಯೊಂದು ತೆರೆಯಿತು; ಶಿಷ್ಯ ಅನಂತರಾವ್ ಅದನ್ನು ನಡೆಸಿದರು. ಅದೇ ಆವರಣದಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆಯೂ ಇತ್ತು. ಮುಂದೆ ಜಗದ್ವಿಖ್ಯಾತರಾದ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಅವರ ಗುರು ಈ ಕೃಷ್ಣಮಾಚಾರ್ಯರು. ಒಂದೇ ಅರಮನೆಯ ನೆರಳಿನಲ್ಲಿ ಒಂದು ಕಡೆ ಆಸನ, ಇನ್ನೊಂದು ಕಡೆ ಕಬ್ಬಿಣದ ಗುಂಡು. ಇಂದು ಲೋಕವೆಲ್ಲ ಹರಡಿರುವ ಎರಡು ದೊಡ್ಡ ಉದ್ಯಮಗಳು ಒಂದು ಕಾಲಕ್ಕೆ ಮೈಸೂರಿನಲ್ಲಿ ಅಕ್ಕಪಕ್ಕದ ಕೋಣೆಗಳಾಗಿದ್ದವು ಎಂದರೆ ತಪ್ಪಾಗದು.

ಆದರೆ ಅಯ್ಯರ್ ಅವರ ಅತ್ಯಂತ ದೂರಗಾಮಿ ಕೆಲಸ ಅರಮನೆಯಲ್ಲಿ ನಡೆದದ್ದಲ್ಲ, ಅಂಚೆ ಕಚೇರಿಯ ಮೂಲಕ ನಡೆದದ್ದು. ಅವರ ಹರ್ಕ್ಯುಲಿಸ್ ವ್ಯಾಯಾಮಶಾಲೆಯ ಹೆಸರಿನೊಂದಿಗೇ ಅಂಚೆ ಶಿಕ್ಷಣ ಶಾಲೆ ಎಂಬ ವಿವರಣೆಯೂ ಸೇರಿತ್ತು. 1942ರಲ್ಲಿ ಅಂಚೆಯ ಮೂಲಕ ದೇಹ ಶಿಕ್ಷಣ ಕೊಡುವುದರ ಬಗ್ಗೆಯೇ ಅವರ ಪುಸ್ತಕವೊಂದು ಬಂತು. ಸ್ಯಾಂಡೋ ಮೊದಲಾದವರು ಪಶ್ಚಿಮದಲ್ಲಿ ನಡೆಸಿದ್ದ ಈ ಕ್ರಮವನ್ನು ಅಯ್ಯರ್ ನಮ್ಮ ನೆಲಕ್ಕೆ ಒಗ್ಗಿಸಿದರು. ಇಂಥ ಶಿಕ್ಷಣದ ತಿರುಳು ಸರಳವಾದುದು. ಗುರು ಎದುರಿಗಿಲ್ಲ, ಆದ್ದರಿಂದ ಪಾಠ ಸ್ಪಷ್ಟವಾಗಿರಬೇಕು, ಚಿತ್ರ ನೋಡಿ ಮಾಡುವಂತಿರಬೇಕು, ಬಡವನ ಮನೆಯ ಹಜಾರದಲ್ಲೂ ನಡೆಯುವಂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲವು ತಿಂಗಳುಗಳ ಬಳಿಕ ಶಿಷ್ಯ ಗುರುವಿನ ಹಂಗಿಲ್ಲದೆ ಮುಂದುವರಿಯುವಂತಿರಬೇಕು. ಸೂರ್ಯನಮಸ್ಕಾರಕ್ಕೆ ಬೇಕಾದುದು ಮೈಯುದ್ದದ ಜಾಗ ಮಾತ್ರ. ಅದರ ಬಗ್ಗೆ ಪ್ರತ್ಯೇಕ ಪುಸ್ತಕವನ್ನೇ ಬರೆದ ಅಯ್ಯರ್ ಕೇವಲ ಉಳ್ಳವರ ವ್ಯಾಯಾಮಗುರುವಾಗಿರಲಿಲ್ಲ.

ಅವರನ್ನು ಬರೀ ಮೈಕಟ್ಟಿನ ಮನುಷ್ಯನೆಂದು ತಿಳಿದರೆ ಅರ್ಧ ಬದುಕನ್ನು ಬಿಟ್ಟಂತೆ. ನಾಟಕಕಾರ ಟಿ.ಪಿ. ಕೈಲಾಸಂ ಅವರೊಡನೆ ಅಯ್ಯರ್ ಅವರಿಗೆ ಗಾಢ ಸ್ನೇಹವಿತ್ತು. ವ್ಯಾಯಾಮಶಾಲೆ ಕೈಲಾಸಂ ಅವರ ಮಾತಿನ ಚಾವಡಿಯೂ ಆಗಿತ್ತು. ಅಯ್ಯರ್ ಸುತ್ತ ಬೆಳೆದ ರವಿ ಕಲಾವಿದರು ಎಂಬ ತಂಡ ರಂಗಭೂಮಿಯಲ್ಲಿ ಹೆಸರು ಮಾಡಿತು. ಹೆಗ್ಗೋಡಿನ ನೀನಾಸಂ ಇರುವ ಸಾಗರ ಸೀಮೆಯವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ದೇಹದ ಶಿಸ್ತಿಲ್ಲದೆ ನಟನೆಯಿಲ್ಲ ಎಂಬುದನ್ನು ಅಲ್ಲಿನ ರಂಗಶಿಕ್ಷಣ ಹಲವು ದಶಕಗಳಿಂದ ತೋರಿಸುತ್ತ ಬಂದಿದೆ. ಹೊಯ್ಸಳ ರಾಣಿಯನ್ನು ಕುರಿತ ‘ಶಾಂತಲಾ’, ಇಟಲಿಯ ಮೈಕೆಲೆಂಜೆಲೊನನ್ನು ಪಾತ್ರವಾಗಿಸಿಕೊಂಡ ‘ರೂಪದರ್ಶಿ’ ಅವರ ಪ್ರಸಿದ್ಧ ಕಾದಂಬರಿಗಳು. ಒಂದರ ನಾಯಕಿ ನೃತ್ಯ ವಿದುಷಿ, ಇನ್ನೊಂದರದು ಮಾನವ ರೂಪವನ್ನು ಕಡೆಯುವ, ಚಿತ್ರಿಸುವ ಕಲಾವಿದನ ಲೋಕ. ದೇಹವನ್ನು ಬಾಳಿನುದ್ದಕ್ಕೂ ತಿದ್ದಿದ ಮನುಷ್ಯ ಬರೆಯುವಾಗಲೂ ರೂಪದ ಹಿಂದೆಯೇ ಹೋದದ್ದು ಆಕಸ್ಮಿಕವಲ್ಲ. ‘ರೂಪದರ್ಶಿ’ಯಲ್ಲಿ ಅವರು ಅದಕ್ಕೊಂದು ಎಚ್ಚರವನ್ನೂ ಸೇರಿಸಿದರು: ರೂಪ ನಿಲ್ಲುವುದಿಲ್ಲ, ಒಳಗಿನ ಬದುಕು ಕೆಟ್ಟರೆ ಮುಖವೂ ಕೆಡುತ್ತದೆ. ಅಯ್ಯರ್ 1980ರಲ್ಲಿ ತೀರಿಕೊಂಡರು.

ಮಹನೀಯರ ಬದುಕನ್ನು ನೆನೆಯುವಾಗ ಅವರ ಮಿತಿಗಳನ್ನು ಮುಚ್ಚಬೇಕಿಲ್ಲ. ಆ ತಲೆಮಾರಿನ ಅಂಗಸಾಧಕರು ವ್ಯಾಯಾಮದ ಶಕ್ತಿಯನ್ನು ಕುರಿತು ಇಂದಿನ ವೈದ್ಯಶಾಸ್ತ್ರ ಒಪ್ಪದಷ್ಟು ದೊಡ್ಡ ಭರವಸೆಗಳನ್ನು ಇಟ್ಟುಕೊಂಡಿದ್ದರು. ತಮ್ಮ ಮೈಯನ್ನೇ ಜಾಹೀರಾತಾಗಿ ಮಾಡಿಕೊಂಡಿದ್ದರು. ಅವರ ಲೋಕ ಬಹುಮಟ್ಟಿಗೆ ಗಂಡಸರ ಲೋಕ. ಆಹಾರಶಾಸ್ತ್ರವಂತೂ ಆಗಷ್ಟೇ ಕಣ್ಣು ಬಿಡುತ್ತಿತ್ತು. ಕೂನೂರಿನ ಪ್ರಯೋಗಾಲಯದಲ್ಲಿ ಮೆಕ್ಯಾರಿಸನ್ ಆರಂಭಿಸಿದ ಸಂಶೋಧನೆಯನ್ನು ಐಕ್ರಾಯ್ಡ್ ಮುಂದುವರಿಸಿ, ಭಾರತೀಯ ಆಹಾರಗಳ ಪೋಷಕಾಂಶಗಳ ಪಟ್ಟಿಯನ್ನು ಜನರ ಕೈಗೆ ಕೊಟ್ಟದ್ದು 1930ರ ದಶಕದ ಉತ್ತರಾರ್ಧದಲ್ಲಿ. ಅದೇ ಸಂಸ್ಥೆ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅಂದಿನ ದೇಶದ ಸಮಸ್ಯೆ ಹೊಟ್ಟೆ ತುಂಬದಿರುವುದು. 1943ರ ಬಂಗಾಳದ ಕ್ಷಾಮ ಇನ್ನೂ ಮುಂದಿತ್ತು. ಮೈ ತುಂಬಿಕೊಳ್ಳಲು ಬರುತ್ತಿದ್ದವರ ಕಾಲ ಹೋಗಿ ಮೈ ಇಳಿಸಿಕೊಳ್ಳಲು ಬರುವವರ ಕಾಲ ಬಂದದ್ದು ಒಂದೇ ಮನುಷ್ಯನ ಆಯುಷ್ಯದಷ್ಟು ಅವಧಿಯಲ್ಲಿ.

ಹಾಗಾದರೆ ಇಂದಿನ ತರಬೇತುದಾರನಿಗೆ ಅಯ್ಯರ್ ಅವರಿಂದ ಕಲಿಯುವುದೇನಿದೆ? ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇದು ಮಾಹಿತಿ ಸಮನಾಗಿ ಹಂಚಿಕೆಯಾಗದ ಮಾರುಕಟ್ಟೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ವ್ಯಾಪಾರವನ್ನು ನಿದರ್ಶನವಾಗಿಟ್ಟುಕೊಂಡು ವಿವರಿಸಿದ ಸ್ಥಿತಿ ಇಲ್ಲಿಯೂ ಉಂಟು. ಕೊಳ್ಳುವವನಿಗೆ ಸರಕಿನ ಗುಣ ತಿಳಿಯದಿದ್ದರೆ ಕಳಪೆಯೇ ಒಳ್ಳೆಯದನ್ನು ಹೊರದಬ್ಬುತ್ತದೆ. ತರಬೇತುದಾರನಿಗೆ ಕಡ್ಡಾಯ ಪರವಾನಗಿ ಬೇಕಿಲ್ಲದ ನಮ್ಮ ದೇಶದಲ್ಲಿ ಗಿರಾಕಿ ನೋಡುವುದು ಅವನ ತೋಳನ್ನು, ಮೊಬೈಲಿನಲ್ಲಿ ಹಾಕಿದ ಮೊದಲಿನ ಮತ್ತು ಅನಂತರದ ಚಿತ್ರಗಳನ್ನು. ಮೂರು ತಿಂಗಳಲ್ಲಿ ಇಪ್ಪತ್ತು ಕಿಲೊ ಎಂದವನ ಮುಂದೆ, ತಿಂಗಳಿಗೆ ಎರಡು ಕಿಲೊ ಇಳಿದರೆ ಸಾಕು, ಅದು ಉಳಿಯಬೇಕು ಎಂದವನು ಸೋಲುತ್ತಾನೆ. ಆದರೆ ಆರೋಗ್ಯಕ್ಕೆ ಹತ್ತಿರವಾದುದು ಎರಡನೆಯವನ ಮಾತು. ತ್ವರಿತ ಫಲಕ್ಕಾಗಿ ಡಬ್ಬಿಯ ಪುಡಿಗಳನ್ನು ಮಾರುವುದೂ ನಡೆಯುತ್ತದೆ. ದೇಹದಾರ್ಢ್ಯಕ್ಕಾಗಿ ಪ್ರೋಟೀನ್ ಪುಡಿಗಳ ಮೊರೆ ಹೋಗದಿರುವಂತೆ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ.

ತಪ್ಪಿದರೆ ತೆರಬೇಕಾದ ಬೆಲೆ ಸಣ್ಣದಲ್ಲ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ತೀರಿಕೊಂಡಾಗ ರಾಜ್ಯದ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದರು. ವ್ಯಾಯಾಮವೇ ಅಪಾಯವೆಂಬ ಗುಲ್ಲೂ ಎದ್ದಿತು. ಎರಡೂ ಅತಿಗಳು ಸಲ್ಲವು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು ಭಾರ ಎತ್ತುವ ಮೊದಲು ವೈದ್ಯರನ್ನು ಕಾಣಲಿ ಎಂದು ಹೇಳಿ ಕಳಿಸುವ ತರಬೇತುದಾರ ಒಂದು ತಿಂಗಳ ಶುಲ್ಕ ಕಳೆದುಕೊಂಡಾನು, ಆದರೆ ವೃತ್ತಿಯ ಮಾನ ಉಳಿಸುತ್ತಾನೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಈ ಕೆಲಸಕ್ಕಿಳಿಯುವ ತರುಣ ತರುಣಿಯರಿಗೆ ಇದು ಊರು ಬಿಡದೆ ಬದುಕುವ ಒಂದು ದಾರಿ. ಆ ದಾರಿ ಉಳಿಯಬೇಕಾದರೆ ವಿಶ್ವಾಸ ಉಳಿಯಬೇಕು.

ಪಾಠವನ್ನು ನೆಲಕ್ಕೆ ಒಗ್ಗಿಸುವುದು ಅಯ್ಯರ್ ತೋರಿದ ದಾರಿ. ಮಲೆನಾಡಿನ ಗೃಹಿಣಿಗೆ ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆಯ ಪಟ್ಟಿ ಕಳಿಸಿದರೆ ಅದು ವಾರದೊಳಗೆ ಅಡುಗೆಮನೆಯ ಗೋಡೆಯಿಂದ ಇಳಿಯುತ್ತದೆ. ಅನ್ನದ ರಾಶಿಯನ್ನು ಅರ್ಧಕ್ಕಿಳಿಸಿ, ಹುರುಳಿ, ಹೆಸರು, ಬಸಳೆ, ಒಂದೆಲಗದ ತಂಬುಳಿ, ಮಜ್ಜಿಗೆಗಳಿಗೆ ಜಾಗ ಹೆಚ್ಚಿಸಿ, ಮೀನು ಮೊಟ್ಟೆ ತಿನ್ನುವವರಿಗೆ ಅದನ್ನೂ ಸೇರಿಸಿ, ಕಾಫಿಯ ಸಕ್ಕರೆ ಮತ್ತು ಸಂಜೆಯ ಕರಿದ ತಿಂಡಿಯನ್ನು ಕಡಿಮೆ ಮಾಡಿಸಿದರೆ ಕೆಲಸ ಮುಕ್ಕಾಲು ಮುಗಿದಂತೆ. ಮಳೆಗಾಲದ ನಾಲ್ಕು ತಿಂಗಳು ಹೊರಗೆ ನಡೆಯಲಾಗದ ಊರಿನಲ್ಲಿ ಮನೆಯ ಜಗಲಿಯೇ ವ್ಯಾಯಾಮಶಾಲೆಯಾಗಬೇಕು. ಇದನ್ನು ಹೇಳಲು ದುಬಾರಿ ಯಂತ್ರ ಬೇಕಿಲ್ಲ. ಎದುರಿಗಿರುವವರ ಬದುಕು ತಿಳಿದಿರಬೇಕು.

ಅಂಚೆಯಣ್ಣನ ಚೀಲದಲ್ಲಿ ಪಾಠ ಕಳಿಸಿದ ಗುರುವಿಗೆ ಶಿಷ್ಯನನ್ನು ಕಟ್ಟಿಹಾಕುವ ಉಪಾಯವಿರಲಿಲ್ಲ. ಕಲಿಸಿ ಬಿಟ್ಟುಕೊಡುವುದೊಂದೇ ಅವರಿಗಿದ್ದ ದಾರಿ. ಪ್ರತಿದಿನವೂ ಶಿಷ್ಯನ ಕಿಸೆಯಲ್ಲೇ ಇರಬಲ್ಲ ಇಂದಿನ ತರಬೇತುದಾರನಿಗೆ ಬಿಟ್ಟುಕೊಡದಿರುವ ಆಮಿಷ ದೊಡ್ಡದು. ಅದನ್ನು ಗೆದ್ದು, ತಾನಿಲ್ಲದೆಯೂ ನಡೆಯಬಲ್ಲವರನ್ನು ತಯಾರು ಮಾಡಿದಾಗ ಮಾತ್ರ ಅವನು ವ್ಯಾಪಾರಿಯ ಪಟ್ಟದಿಂದ ಶಿಕ್ಷಕನ ಪಟ್ಟಕ್ಕೆ ಏರುತ್ತಾನೆ. ಅಯ್ಯರ್ ಅವರ ಬದುಕು ಈ ವೃತ್ತಿಗೆ ಬಿಟ್ಟುಹೋದ ಮೇಲ್ಪಂಕ್ತಿ ಅದೇ.