ಬುದ್ಧಿಯನ್ನು ಅಳೆಯಲು ಕಲಿತು ರೇಡಿಯೋ ಕಟ್ಟಿದ ಮೇಷ್ಟ್ರು: ಡಾ. ಎಂ. ವಿ. ಗೋಪಾಲಸ್ವಾಮಿ

ಆಕಾಶವಾಣಿ ಎಂಬ ಹೆಸರು ಕೇಳದವರು ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಕಡೆ ಯಾರೂ ಇರಲಿಕ್ಕಿಲ್ಲ. ಕಾರವಾರ ಕೇಂದ್ರದ ಕಾರ್ಯಕ್ರಮ ಹಾಕಿಕೊಂಡೇ ಬೆಳಗಿನ ಅಡುಗೆ ಮುಗಿಸುವ ಮನೆಗಳು ಇಂದಿಗೂ ಇವೆ. ಆದರೆ ಆ ಹೆಸರಿನ ಬಾನುಲಿಯನ್ನು ಕರ್ನಾಟಕದಲ್ಲಿ ಮೊದಲು ಹೊರಡಿಸಿದವರು ಎಂಜಿನಿಯರ್ ಅಲ್ಲ, ಮನಶ್ಶಾಸ್ತ್ರದ ಪ್ರೊಫೆಸರ್ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ಅವರೇ ಡಾ. ಎಂ. ವಿ. ಗೋಪಾಲಸ್ವಾಮಿ. ನಾನು ಅವರ ಬಗ್ಗೆ ಬರೆಯಲು ಹೊರಟದ್ದು ಕೇವಲ ರೇಡಿಯೋ ಕಾರಣಕ್ಕಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಬಂದ ದಿನ ನಮ್ಮ ಊರುಗಳಲ್ಲಿ ಮಕ್ಕಳನ್ನು ಬುದ್ಧಿವಂತರು, ದಡ್ಡರು ಎಂದು ಎರಡು ಸಾಲು ಮಾಡಿ ನಿಲ್ಲಿಸುತ್ತಾರಲ್ಲ, ಆ ಎರಡು ಮಾತುಗಳ ಬೆನ್ನು ಹತ್ತಿ ಓದುತ್ತಾ ಹೋದಾಗ ಸಿಕ್ಕ ಹೆಸರು ಇದು.

ಗೋಪಾಲಸ್ವಾಮಿಯವರು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ. ಹೆಚ್ಚಿನ ಓದಿಗೆ ಲಂಡನ್ನಿಗೆ ಹೋದಾಗ ಅವರಿಗೆ ಗುರುವಾಗಿ ಸಿಕ್ಕವರು ಚಾರ್ಲ್ಸ್ ಸ್ಪಿಯರ್‌ಮನ್. ಈ ಗುರುವಿನ ಕಥೆಯೂ ಸ್ವಾರಸ್ಯದ್ದೇ. ಬ್ರಿಟಿಷ್ ಸೈನ್ಯದ ಅಧಿಕಾರಿಯಾಗಿದ್ದ ಅವರು 1897ರಲ್ಲಿ ಕೆಲಸ ಬಿಟ್ಟು, ಮೂವತ್ತು ದಾಟಿದ ಮೇಲೆ ಮನಶ್ಶಾಸ್ತ್ರ ಕಲಿಯಲು ಜರ್ಮನಿಗೆ ಹೋದವರು. ಒಂದು ವರ್ಷ ಕಳೆದುಹೋಯಿತು, ಇನ್ನೇನು ಓದು ಎನ್ನುವ ನಮ್ಮ ಗೆಳೆಯರು ಈ ಸಾಲನ್ನು ಎರಡು ಸಲ ಓದಬೇಕು.

ಸ್ಪಿಯರ್‌ಮನ್ 1904ರಲ್ಲಿ ಒಂದು ಪ್ರಸಿದ್ಧ ಲೇಖನ ಪ್ರಕಟಿಸಿದರು. ಇಂಗ್ಲೆಂಡಿನ ಹಳ್ಳಿ ಶಾಲೆಯ ಮಕ್ಕಳನ್ನೂ ಅವರು ಪರೀಕ್ಷಿಸಿದ್ದರು. ಒಂದು ವಿಷಯದಲ್ಲಿ ಮುಂದಿರುವ ಮಗು ಬಹುಮಟ್ಟಿಗೆ ಉಳಿದ ವಿಷಯಗಳಲ್ಲೂ ಮುಂದಿರುತ್ತದೆ. ಹಾಗಾದರೆ ಎಲ್ಲ ಕೆಲಸಗಳ ಹಿಂದೆ ಸಮಾನವಾದ ಒಂದು ಶಕ್ತಿ ಇರಬೇಕು, ಅದರ ಜೊತೆ ಆಯಾ ಕೆಲಸಕ್ಕೆ ಬೇಕಾದ ಬೇರೆ ಬೇರೆ ವಿಶೇಷ ಶಕ್ತಿಗಳೂ ಇರಬೇಕು ಎಂಬುದು ಅವರ ವಾದ. ಆ ಸಮಾನ ಶಕ್ತಿಗೆ ಅವರು ಇಟ್ಟ ಹೆಸರು ಒಂದೇ ಅಕ್ಷರ, 'ಜಿ'. ನೂರು ವರ್ಷ ಕಳೆದರೂ ಇದರ ಬಗೆಗಿನ ಜಗಳ ಮುಗಿದಿಲ್ಲ.

ಶಿಷ್ಯ ಹಿಡಿದುಕೊಂಡ ಪ್ರಶ್ನೆ ನನಗೆ ಹೆಚ್ಚು ಹಿಡಿಸಿತು. 1924ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಬಂದ ಗೋಪಾಲಸ್ವಾಮಿಯವರ ಸಂಶೋಧನೆ ಪುಸ್ತಕದ ಬುದ್ಧಿಯ ಕುರಿತದ್ದಲ್ಲ. ಕೈಕಾಲುಗಳ ಚಲನೆಯನ್ನು ಕಲಿಯುವಾಗ ಬುದ್ಧಿಯ ಪಾತ್ರವೇನು ಎಂಬುದರ ಕುರಿತದ್ದು. ನಮ್ಮ ಬಂದರಿನಲ್ಲಿ ಹರಿದ ಬಲೆಯನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಜೋಡಿಸುವವರನ್ನು, ಹೊನ್ನಾವರದ ತೋಟದ ಮನೆಗಳಲ್ಲಿ ಮಾತಾಡುತ್ತಲೇ ರಾಶಿ ಅಡಿಕೆ ಸುಲಿಯುವವರನ್ನು ನೋಡಿದವರಿಗೆ ಈ ಪ್ರಶ್ನೆ ಸಣ್ಣದೆನಿಸದು. ಆ ಕೈಗಳು ಕಲಿತದ್ದು ಬುದ್ಧಿಯಿಲ್ಲದೆಯೇ?

ಅದೇ 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಆಗ ಮೈಸೂರು ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್ ಆಗಿದ್ದವರು ಬಂಗಾಳದ ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್. ಕಲ್ಕತ್ತಾ ಬಿಟ್ಟರೆ ಭಾರತದಲ್ಲಿ ಈ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ತೆರೆದ ಮೊದಲಿಗರಲ್ಲಿ ಮೈಸೂರು ಒಂದು. ಅದರ ಹೊಣೆ ಗೋಪಾಲಸ್ವಾಮಿಯವರ ಹೆಗಲಿಗೆ ಬಿತ್ತು. ತತ್ತ್ವಶಾಸ್ತ್ರದ ಮೂಲೆಯಲ್ಲಿ ಕುಳಿತಿದ್ದ ವಿಷಯವನ್ನು ಅವರು ಪ್ರಯೋಗಾಲಯಕ್ಕೆ ಕರೆತಂದರು. ಪಾಶ್ಚಾತ್ಯರು ಮಾಡಿದ ಬುದ್ಧಿಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಹೊಂದಿಸುವ ಕೆಲಸಕ್ಕೂ ಕೈ ಹಾಕಿದರು.

ಈ ಹೊಂದಿಸುವ ಕೆಲಸ ಏಕೆ ಕಷ್ಟ ಎಂದು ಸ್ವಲ್ಪ ಹೇಳಬೇಕು, ಏಕೆಂದರೆ ಇದು ನಮ್ಮದೇ ಕಥೆ. ಬುದ್ಧಿಪರೀಕ್ಷೆಯ ಮೊದಲ ಅಳತೆಗೋಲನ್ನು 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಮಾಡಿದರು. ಉದ್ದೇಶ ಸರಳವಾಗಿತ್ತು: ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಹೆಚ್ಚಿನ ಸಹಾಯ ಕೊಡುವುದು. ಬುದ್ಧಿ ಹುಟ್ಟಿನಿಂದಲೇ ನಿಗದಿಯಾದದ್ದು, ಬೆಳೆಯದು ಎಂಬ ಮಾತನ್ನು ಬಿನೆ ಒಪ್ಪಿರಲಿಲ್ಲ. ಆಮೇಲೆ ಬಂದವರು ಅದನ್ನು ಒಂದು ಅಂಕಿಯನ್ನಾಗಿ ಮಾಡಿದರು. ಹತ್ತು ವರ್ಷದ ಮಗು ಹನ್ನೆರಡು ವರ್ಷದವರ ಪ್ರಶ್ನೆಗಳನ್ನು ಬಿಡಿಸಿದರೆ, ಹನ್ನೆರಡನ್ನು ಹತ್ತರಿಂದ ಭಾಗಿಸಿ ನೂರರಿಂದ ಗುಣಿಸು, 120 ಬಂತು. ಇದೇ ಐಕ್ಯೂ. ಸಹಾಯಕ್ಕೆಂದು ಹುಟ್ಟಿದ ಅಳತೆ ಹಣೆಪಟ್ಟಿಯಾಗಿದ್ದು ಹೀಗೆ.

ಈಗ ಆ ಪ್ರಶ್ನೆಗಳನ್ನು ಕನ್ನಡಕ್ಕೆ ತಂದರೆ ಸಾಕೇ? ಒಂದು ಭಾಷೆಯಲ್ಲಿ ಸುಲಭವಾದ ಪದ ಇನ್ನೊಂದರಲ್ಲಿ ಕಠಿಣ. ಒಂದು ಊರಿನ ಮಗು ದಿನಾ ನೋಡುವ ವಸ್ತುವನ್ನು ಇನ್ನೊಂದು ಊರಿನ ಮಗು ಕಂಡೇ ಇರುವುದಿಲ್ಲ. ಆದ್ದರಿಂದ ಪ್ರತಿಯೊಂದು ಪ್ರಶ್ನೆಯನ್ನೂ ಇಲ್ಲಿನ ಮಕ್ಕಳ ಮೇಲೆ ಪ್ರಯೋಗಿಸಿ, ಯಾವ ವಯಸ್ಸಿಗೆ ಯಾವುದು ಸರಿ ಎಂದು ಹೊಸದಾಗಿ ನಿರ್ಧರಿಸಬೇಕು. ನಮ್ಮ ಜಿಲ್ಲೆ ಆಗ ಮೈಸೂರಿಗೆ ಸೇರಿರಲಿಲ್ಲ, 1956ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಆ ಕಡೆಯಲ್ಲಿ ವಿ. ವಿ. ಕಾಮತ್ ಎಂಬ ವಿದ್ವಾಂಸರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಅಳವಡಿಸಿ 1940ರಲ್ಲಿ ಪುಸ್ತಕ ಪ್ರಕಟಿಸಿದರು. ಅದು ಮುಂಬಯಿ-ಕರ್ನಾಟಕ ಪರಿಷ್ಕರಣೆ ಎಂದೇ ಹೆಸರಾಯಿತು.

ನಮ್ಮ ತರಗತಿಯನ್ನೇ ನೋಡಿ. ಮನೆಯಲ್ಲಿ ನವಾಯತಿ ಇಲ್ಲವೇ ಕೊಂಕಣಿ, ಇನ್ನೊಂದು ಕಡೆ ಉರ್ದು, ಪೇಟೆಯಲ್ಲಿ ಕನ್ನಡ, ಪಠ್ಯದಲ್ಲಿ ಇಂಗ್ಲಿಷ್. ನಾಲ್ಕು ಭಾಷೆಗಳ ನಡುವೆ ಓಡಾಡುವ ಹುಡುಗಿ ನಾಲ್ಕನೆಯದರಲ್ಲಿ ಉತ್ತರ ಬರೆಯಲು ಎರಡು ನಿಮಿಷ ತಡಮಾಡಿದರೆ, ಕಡಿಮೆಯಾದದ್ದು ಅವಳ ಬುದ್ಧಿಯೋ ಅಥವಾ ಆ ಭಾಷೆಯ ರೂಢಿಯೋ? ಈ ಎರಡನ್ನು ಬೇರೆ ಮಾಡದ ಪರೀಕ್ಷೆಯನ್ನು ನಾನಂತೂ ನಂಬುವುದಿಲ್ಲ. ಮೊಬೈಲಿನಲ್ಲಿ ಹತ್ತು ಪ್ರಶ್ನೆ ಕೇಳಿ ನಿಮ್ಮ ಐಕ್ಯೂ ಇಷ್ಟು, ನಿಮ್ಮ ವ್ಯಕ್ತಿತ್ವ ಇಂಥದ್ದು ಎನ್ನುವವರ ಮಾತಂತೂ ದೂರವೇ ಇರಲಿ.

ಇನ್ನು ರೇಡಿಯೋ. 1935ರ ಸೆಪ್ಟೆಂಬರ್ 10ರಂದು ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದರು. ಯಂತ್ರದ ಶಕ್ತಿ ಕೇವಲ 30 ವಾಟ್. ಇಂದು ಮನೆಯಲ್ಲಿ ಉರಿಸುವ ಹಳೇ ಬಲ್ಬಿಗಿಂತಲೂ ಕಡಿಮೆ. ಮೊದಲ ದಿನದ ಪ್ರಸಾರದಲ್ಲಿ ಕುವೆಂಪು ಅವರ ದನಿಯೂ ಇತ್ತು. ದೆಹಲಿಯ ಸರಕಾರಿ ಬಾನುಲಿಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದದ್ದೇ ಮರುವರ್ಷ, 1936ರಲ್ಲಿ. ಆಕಾಶವಾಣಿ ಎಂಬ ಹೆಸರನ್ನು ಸೂಚಿಸಿದವರು ಹಾಸ್ಯಸಾಹಿತಿ ನಾ. ಕಸ್ತೂರಿ ಎನ್ನುವವರೂ ಉಂಟು. ಆ ಚರ್ಚೆ ಪಂಡಿತರಿಗಿರಲಿ. ಯಂತ್ರ ತಂದು, ಕೈಯಿಂದ ಹಣ ಹಾಕಿ, ಸಂಗೀತಗಾರರನ್ನೂ ಸಾಹಿತಿಗಳನ್ನೂ ಮನೆಗೆ ಕರೆಸಿ ನಿಲ್ಲಿಸಿದವರು ಈ ಮೇಷ್ಟ್ರು. ಕೆಲವು ವರ್ಷ ಹೀಗೆ ನಡೆದ ಮೇಲೆ, 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಸ್ವಾತಂತ್ರ್ಯದ ಬಳಿಕ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು.

1950ರಲ್ಲಿ ಗಿಲ್ಫರ್ಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತಮ್ಮ ಸಂಘದ ಅಧ್ಯಕ್ಷ ಭಾಷಣದಲ್ಲಿ, ಸಂಶೋಧಕರು ಸೃಜನಶೀಲತೆಯನ್ನು ಕಡೆಗಣಿಸಿದ್ದಾರೆ ಎಂದು ಎಚ್ಚರಿಸಿದರು. ಒಂದೇ ಸರಿಯುತ್ತರ ಹುಡುಕುವುದು ಬೇರೆ, ಒಂದೇ ವಸ್ತುವಿಗೆ ಹಲವು ಉಪಯೋಗ ಯೋಚಿಸುವುದು ಬೇರೆ. ತೆಂಗಿನ ಕರಟದಿಂದ ಏನೇನು ಮಾಡಬಹುದು ಎಂದು ಕೇಳಿದರೆ ನಮ್ಮ ಕರಾವಳಿಯ ಅಜ್ಜಿಯರು ಪಟ್ಟಿಯನ್ನೇ ಕೊಡುತ್ತಾರೆ. ಆ ಪಟ್ಟಿಗೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ. ಬುದ್ಧಿಯನ್ನು ಅಳೆಯುವ ವಿದ್ಯೆಯನ್ನು ಅದರ ದೊಡ್ಡ ಗುರುವಿನ ಬಳಿಯೇ ಕಲಿತು ಬಂದವರು, ಮನೆಯಲ್ಲೇ ಬಾನುಲಿ ಕೇಂದ್ರ ತೆರೆಯುವ ಹುಚ್ಚಿಗೆ ಇಳಿದದ್ದು ಯಾವ ಪರೀಕ್ಷೆಯಲ್ಲಿ ಮೊದಲೇ ಗೊತ್ತಾಗುತ್ತಿತ್ತೋ ನನಗೆ ಕುತೂಹಲ.

ಮೈಸೂರಿನಲ್ಲಿ ಇಂದಿಗೂ ಗೋಪಾಲಸ್ವಾಮಿಯವರ ಹೆಸರಿನ ಶಿಶುವಿಹಾರ ಶಾಲೆ ಇದೆ. ಅವರು ಆರಂಭದಲ್ಲಿ ಕಟ್ಟಿದ ವಿಭಾಗಕ್ಕೆ 2024ಕ್ಕೆ ನೂರು ವರ್ಷ ತುಂಬಿತು. ನಮ್ಮ ಕಾಲೇಜಿನ ಕಲಾ ವಿಭಾಗದ ಗೆಳತಿಯೊಬ್ಬಳು ಪಿಯುಸಿ ಮುಗಿಸಿ ಮನಶ್ಶಾಸ್ತ್ರವನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಮನೆಯವರಿಗೆ ಅದು ಯಾವ ಶಾಸ್ತ್ರ, ಕೆಲಸ ಎಲ್ಲಿ ಸಿಗುತ್ತದೆ ಎಂಬ ಚಿಂತೆ. ಈ ಬರಹದ ಒಂದು ಪ್ರತಿಯನ್ನು ಅವಳ ಅಬ್ಬಾನಿಗೆ ತಲುಪಿಸುವುದಾಗಿ ಒಪ್ಪಿಕೊಂಡಿದ್ದೇನೆ.