ಕ್ರಿಸ್ತಿಯನ್ ಡಾಪ್ಲರ್: ಕಲ್ಲುಕುಟಿಗರ ಮಗ, ಆಕಾಶದ ಅಲೆ

ನಮ್ಮ ಊರುಗಳ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನೂ ಹೃದ್ರೋಗಿಗಳನ್ನೂ ಪರೀಕ್ಷಿಸುವ ಕೊಠಡಿಯ ಬಾಗಿಲಲ್ಲಿ ಡಾಪ್ಲರ್ ಎಂಬ ಹೆಸರನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅದು ಯಂತ್ರವೊಂದರ ಅಥವಾ ಕಂಪೆನಿಯೊಂದರ ಹೆಸರೆಂದು ಭಾವಿಸುವವರೇ ಹೆಚ್ಚು. ವಾಸ್ತವವಾಗಿ ಅದು ಆಸ್ಟ್ರಿಯಾದ ಕಥೋಲಿಕ ಕುಟುಂಬವೊಂದರಲ್ಲಿ ಹುಟ್ಟಿ, ಐವತ್ತು ತುಂಬುವ ಮೊದಲೇ ಕಣ್ಮುಚ್ಚಿದ ಒಬ್ಬ ಅಧ್ಯಾಪಕರ ಹೆಸರು. ಮನೆಯ ಮೂಲೆಯಲ್ಲಿ ರೇಡಿಯೋ ಯಂತ್ರವಿಟ್ಟುಕೊಂಡು ದೂರದೇಶದ ಸಂಕೇತಗಳನ್ನು ಹಿಡಿಯುವ ಹವ್ಯಾಸಿಗಳು ಕೂಡ ಈ ಹೆಸರನ್ನು ದಿನನಿತ್ಯ ಉಚ್ಚರಿಸುತ್ತಾರೆ. ರೇಡಿಯೋ ಎಂಬುದು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ತೀರಿಕೊಂಡ ವ್ಯಕ್ತಿಯ ಹೆಸರು ಅಲ್ಲಿಗೆ ತಲುಪಿದ ಬಗೆ ತಿಳಿಯಬೇಕಾದರೆ, ಅವರ ಬಾಳಿನ ಕಡೆಗೊಮ್ಮೆ ನೋಡಬೇಕು. ಅದು ಸುಖದ ಬಾಳೇನೂ ಆಗಿರಲಿಲ್ಲ.

ಕ್ರಿಸ್ತಿಯನ್ ಆಂಡ್ರಿಯಾಸ್ ಡಾಪ್ಲರ್ ಅವರು 1803ರ ನವೆಂಬರ್ 29ರಂದು ಸಾಲ್ಝ್‌ಬರ್ಗ್ ನಗರದಲ್ಲಿ ಜನಿಸಿದರು. ಸಂಗೀತಗಾರ ಮೊಟ್ಸಾರ್ಟ್ ಅವರ ಕುಟುಂಬ ಒಂದು ಕಾಲಕ್ಕೆ ವಾಸಿಸಿದ್ದ ಮನೆ ಅದೇ ಚೌಕದಲ್ಲಿದೆ. ಮುಂದೆ ಹಲವು ಪುಸ್ತಕಗಳು ಇವರ ಹೆಸರನ್ನು ಯೊಹಾನ್ ಕ್ರಿಸ್ತಿಯನ್ ಎಂದು ತಪ್ಪಾಗಿ ಅಚ್ಚು ಹಾಕಿದವು. ಆ ತಪ್ಪನ್ನು ಕೊನೆಗೆ ತಿದ್ದಿದ್ದು ಚರ್ಚಿನ ದೀಕ್ಷಾಸ್ನಾನದ ದಾಖಲೆ ಪುಸ್ತಕ. ನಮ್ಮ ಧರ್ಮಕೇಂದ್ರಗಳ ಕಪಾಟುಗಳಲ್ಲಿ ಧೂಳು ಹಿಡಿಯುತ್ತಿರುವ ಹಳೆಯ ದಾಖಲೆಗಳ ಬೆಲೆ ಇಂಥ ಸಂದರ್ಭಗಳಲ್ಲಿ ತಿಳಿಯುತ್ತದೆ.

ತಂದೆ ಕಲ್ಲುಕೆಲಸದವರು, ತಲೆಮಾರುಗಳಿಂದ ಬಂದ ಕಸುಬು ಅದು. ಆದರೆ ಮಗನ ಮೈಯಲ್ಲಿ ಉಳಿ ಸುತ್ತಿಗೆ ಹಿಡಿಯುವ ಬಲವಿರಲಿಲ್ಲ. ಬಾಲ್ಯದಿಂದಲೂ ಆರೋಗ್ಯ ಕ್ಷೀಣ. ಏನು ಮಾಡುವುದೆಂದು ತಿಳಿಯದ ತಂದೆ ಸಾಲ್ಝ್‌ಬರ್ಗ್‌ನ ಗಣಿತದ ಪ್ರಾಧ್ಯಾಪಕ ಸೈಮನ್ ಸ್ಟಾಂಪ್‌ಫರ್ ಅವರ ಸಲಹೆ ಕೇಳಿದರು. ಹುಡುಗನ ಬುದ್ಧಿಯನ್ನು ಅರಿತ ಸ್ಟಾಂಪ್‌ಫರ್ ಅವನನ್ನು ವಿಯೆನ್ನಾದ ಪಾಲಿಟೆಕ್ನಿಕ್‌ಗೆ ಕಳುಹಿಸುವಂತೆ ಸೂಚಿಸಿದರು. 1822ರಲ್ಲಿ ಡಾಪ್ಲರ್ ಅಲ್ಲಿಗೆ ಸೇರಿದರು.

ಓದು ಮುಗಿಯಿತು, 1829ರಲ್ಲಿ ಸಹಾಯಕ ಅಧ್ಯಾಪಕರ ತಾತ್ಕಾಲಿಕ ಹುದ್ದೆಯೂ ದೊರೆಯಿತು. ನಾಲ್ಕು ವರ್ಷಗಳ ಅವಧಿ ತೀರಿದ ಮೇಲೆ ಬೇರೆ ಕೆಲಸ ಸಿಗಲಿಲ್ಲ. ಅರ್ಜಿಯ ಮೇಲೆ ಅರ್ಜಿ ಹಾಕುತ್ತಾ, ಹೊಟ್ಟೆಪಾಡಿಗಾಗಿ ಹತ್ತಿ ನೂಲುವ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆದರು. ಪದವಿ ಪಡೆದೂ ಕೆಲಸವಿಲ್ಲದೆ ಕೊರಗುವ ಯುವಕರಿರುವ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1835ರಲ್ಲಿ ಬೇಸತ್ತ ಡಾಪ್ಲರ್ ಅಮೆರಿಕಕ್ಕೆ ವಲಸೆ ಹೋಗಲು ನಿಶ್ಚಯಿಸಿ, ತಮ್ಮಲ್ಲಿದ್ದುದನ್ನು ಮಾರಿ, ಮ್ಯೂನಿಕ್ ನಗರಕ್ಕೆ ಹೋಗಿ ಅಮೆರಿಕದ ಪ್ರತಿನಿಧಿಯನ್ನೂ ಕಂಡರು. ಅಷ್ಟರಲ್ಲಿ ಪ್ರಾಗ್ ನಗರದ ಶಾಲೆಯೊಂದರಿಂದ ನೇಮಕದ ಸುದ್ದಿ ಬಂದಿತು. ಪ್ರಯಾಣ ನಿಂತಿತು. ಮರುವರ್ಷ ಸಾಲ್ಝ್‌ಬರ್ಗ್‌ನ ಅಕ್ಕಸಾಲಿಗರೊಬ್ಬರ ಮಗಳಾದ ಮಟಿಲ್ಡೆ ಅವರನ್ನು ವಿವಾಹವಾದರು. ಐವರು ಮಕ್ಕಳಾದರು.

1841ರಲ್ಲಿ ಡಾಪ್ಲರ್ ಪ್ರಾಗ್‌ನ ಪಾಲಿಟೆಕ್ನಿಕ್‌ನಲ್ಲಿ ಪ್ರಾಧ್ಯಾಪಕರಾದರು. ನೂರಾರು ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸುವ ಹೊರೆ ಅವರ ಮೇಲಿತ್ತು. ಮಾತನಾಡಿ ಮಾತನಾಡಿ ಎದೆಗೂಡು ಸೋತಿತು. ಹೀಗಿದ್ದೂ ಅವರು 1842ರ ಮೇ 25ರಂದು ಬೊಹೆಮಿಯಾದ ರಾಜಕೀಯ ವಿಜ್ಞಾನ ಸಂಘದಲ್ಲಿ, ಅಂದರೆ ಅರಸರ ಆಶ್ರಯದ ಸಂಘದಲ್ಲಿ, ಜೋಡಿ ನಕ್ಷತ್ರಗಳ ಬಣ್ಣವನ್ನು ಕುರಿತು ಒಂದು ಪ್ರಬಂಧವನ್ನು ಓದಿದರು. ಕೇಳಲು ಇದ್ದವರು ಬೆರಳೆಣಿಕೆಯಷ್ಟು ಮಂದಿ.

ಪ್ರಬಂಧದ ತಿರುಳು ಸರಳವಾದುದು. ನಮ್ಮ ಕರಾವಳಿಯ ಮೀನುಗಾರರ ದೋಣಿಯನ್ನು ನೆನೆಯೋಣ. ಲಂಗರು ಹಾಕಿ ನಿಂತ ದೋಣಿಗೆ ನಿಮಿಷಕ್ಕೆ ಇಂತಿಷ್ಟು ಅಲೆಗಳು ಬಡಿಯುತ್ತವೆ. ಅದೇ ದೋಣಿ ಅಲೆಗಳಿಗೆ ಎದುರಾಗಿ ನುಗ್ಗಿದರೆ ಬಡಿತಗಳು ಹೆಚ್ಚುತ್ತವೆ. ಅಲೆಗಳು ಸಾಗುವ ದಿಕ್ಕಿಗೇ ಹೊರಟರೆ ಕಡಿಮೆಯಾಗುತ್ತವೆ. ಸಮುದ್ರ ಬದಲಾಗಿಲ್ಲ, ಎಣಿಕೆ ಬದಲಾಗಿದೆ. ಬೆಳಕು ಮತ್ತು ಧ್ವನಿಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆಂದು ಡಾಪ್ಲರ್ ವಾದಿಸಿದರು. ಅಲೆಯ ಮೂಲವೂ ಅದನ್ನು ಗ್ರಹಿಸುವವರೂ ಪರಸ್ಪರ ಸಮೀಪಿಸುತ್ತಿದ್ದರೆ ಕಂಪನಾಂಕ, ಅಂದರೆ ಸೆಕೆಂಡಿಗೆ ಬರುವ ಅಲೆಗಳ ಸಂಖ್ಯೆ ಏರುತ್ತದೆ, ದೂರವಾಗುತ್ತಿದ್ದರೆ ಇಳಿಯುತ್ತದೆ.

ಇಲ್ಲಿಯವರೆಗೆ ಅವರು ಹೇಳಿದ್ದೆಲ್ಲ ಸರಿ. ಆದರೆ ಆ ನಿಯಮವನ್ನು ಅವರು ಪ್ರಯೋಗಿಸಿದ್ದು ತಪ್ಪಾದ ಕಡೆ. ನಕ್ಷತ್ರಗಳಲ್ಲಿ ಕೆಲವು ಕೆಂಪಾಗಿಯೂ ಕೆಲವು ನೀಲಿಯಾಗಿಯೂ ಕಾಣುವುದಕ್ಕೆ ಅವುಗಳ ಚಲನೆಯೇ ಕಾರಣವೆಂದು ಅವರು ಭಾವಿಸಿದರು. ನಕ್ಷತ್ರದ ಬಣ್ಣ ಅದರ ಶಾಖವನ್ನು ಅವಲಂಬಿಸಿದೆ ಎಂಬುದು ಈಗ ಶಾಲಾಮಕ್ಕಳಿಗೂ ತಿಳಿದ ಸಂಗತಿ. ಚಲನೆಯಿಂದಾಗುವ ವ್ಯತ್ಯಾಸ ಬರಿಗಣ್ಣಿಗೆ ಕಾಣದಷ್ಟು ಅಲ್ಪ. ಈ ತಪ್ಪು ಉದಾಹರಣೆಯೇ ಅವರ ಸರಿಯಾದ ನಿಯಮಕ್ಕೆ ಹಗೆಯಾಗಿ ನಿಂತಿತು.

ಆರಂಭದಲ್ಲಿಯೇ ಅವರ ಬೆಂಬಲಕ್ಕೆ ನಿಂತವರಲ್ಲಿ ಪ್ರಾಗ್‌ನ ಕಥೋಲಿಕ ಗುರುಗಳೂ ಗಣಿತಜ್ಞರೂ ಆಗಿದ್ದ ಬರ್ನಾರ್ಡ್ ಬೊಲ್ಝಾನೊ ಮುಖ್ಯರು. 1819ರಲ್ಲಿ ಚಕ್ರವರ್ತಿಯ ಆಜ್ಞೆಯಿಂದ ಅಧ್ಯಾಪಕ ಪದವಿಯನ್ನು ಕಳೆದುಕೊಂಡಿದ್ದ ಈ ವೃದ್ಧರು ಡಾಪ್ಲರ್ ಅವರ ನಿಯಮದ ಸತ್ವವನ್ನು ಗುರುತಿಸಿ ಪ್ರಸಿದ್ಧ ಜರ್ಮನ್ ಪತ್ರಿಕೆಯಲ್ಲಿ ಬರೆದರು.

ಹಾಲೆಂಡಿನ ಬಾಯ್ಸ್ ಬ್ಯಾಲಟ್ ಎಂಬ ಯುವ ವಿಜ್ಞಾನಿ 1845ರಲ್ಲಿ ಮಾಡಿದ ಪರೀಕ್ಷೆ ಇಂದಿಗೂ ರಂಜನೀಯವಾಗಿದೆ. ಊಟ್ರೆಕ್ಟ್ ಮತ್ತು ಮಾರ್ಸೆನ್ ಊರುಗಳ ನಡುವಿನ ರೈಲುಗಾಡಿಯಲ್ಲಿ ತುತ್ತೂರಿಯವರನ್ನು ಕೂರಿಸಿ ಒಂದೇ ಸ್ವರವನ್ನು ಊದಿಸಲಾಯಿತು. ಹಳಿಯ ಬದಿಯಲ್ಲಿ ನಿಂತ ಸಂಗೀತಜ್ಞರು ಕಿವಿಗೊಟ್ಟು ಸ್ವರದ ಏರಿಳಿತವನ್ನು ಬರೆದುಕೊಂಡರು. ಫೆಬ್ರವರಿಯ ಮೊದಲ ಯತ್ನವನ್ನು ಚಳಿ ಮತ್ತು ಹಿಮ ಕೆಡಿಸಿದವು. ಜೂನ್ ತಿಂಗಳಲ್ಲಿ ಫಲ ದೊರೆಯಿತು. ಗಾಡಿ ಹತ್ತಿರ ಬರುವಾಗ ಸ್ವರ ಏರಿತು, ದೂರ ಸರಿಯುವಾಗ ಇಳಿಯಿತು. ನಕ್ಷತ್ರದ ಬಣ್ಣದ ವಾದವನ್ನು ಒಪ್ಪದಿದ್ದ ವಿಜ್ಞಾನಿಯ ಕೈಯಿಂದಲೇ ನಿಯಮ ಧ್ವನಿಯ ಮಟ್ಟಿಗೆ ರುಜುವಾತಾಯಿತು.

ಇತ್ತ ಡಾಪ್ಲರ್ ಅವರ ಪರೀಕ್ಷೆಗಳು ಅತಿ ಕಠಿಣವೆಂದು ವಿದ್ಯಾರ್ಥಿಗಳು ದೂರಿದರು, ವಿಚಾರಣೆ ನಡೆಯಿತು, ಕಾಯಿಲೆಯಿಂದ ದೀರ್ಘ ರಜೆ ಪಡೆಯಬೇಕಾಯಿತು. 1847ರಲ್ಲಿ ಅವರು ಷೆಮ್ನಿಟ್ಝ್ ಗಣಿಗಾರಿಕೆ ವಿದ್ಯಾಲಯಕ್ಕೆ ಹೋದರು. ಮರುವರ್ಷ ಕ್ರಾಂತಿಯ ಗಲಭೆಗಳೆದ್ದವು. 1849ರಲ್ಲಿ ಅವರು ವಿಯೆನ್ನಾಕ್ಕೆ ಮರಳಿದರು. 1850ರ ಜನವರಿಯಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಭೌತವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾದರು. 1851ರ ಶರತ್ಕಾಲದಲ್ಲಿ ಅವರ ಪಾಠ ಕೇಳಲು ಬಂದ ವಿದ್ಯಾರ್ಥಿಗಳಲ್ಲಿ ಬ್ರನೋ ಮಠದ ಅಗಸ್ಟೀನಿಯನ್ ಸನ್ಯಾಸಿ ಗ್ರೆಗರ್ ಮೆಂಡೆಲ್ ಒಬ್ಬರು. ಬಟಾಣಿ ಗಿಡಗಳಿಂದ ವಂಶವಾಹಿಯ ನಿಯಮಗಳನ್ನು ಕಂಡುಹಿಡಿದ ಅದೇ ಮೆಂಡೆಲ್.

ದುಃಖದ ಅಧ್ಯಾಯ 1852ರದು. ವಿಯೆನ್ನಾದ ವಿಜ್ಞಾನ ಅಕಾಡೆಮಿಯ ಸಭೆಗಳಲ್ಲಿ ಜೋಸೆಫ್ ಪೆಟ್ಝ್‌ವಾಲ್ ಎಂಬ ಗಣಿತಜ್ಞರು ಡಾಪ್ಲರ್ ಅವರ ನಿಯಮವನ್ನು ಬಹಿರಂಗವಾಗಿ ಖಂಡಿಸಿದರು. ಪೆಟ್ಝ್‌ವಾಲ್ ಸಾಮಾನ್ಯರಲ್ಲ, ಕ್ಯಾಮರಾದ ಭಾವಚಿತ್ರ ಮಸೂರವನ್ನು ರೂಪಿಸಿದವರು. ದೊಡ್ಡ ಸಮೀಕರಣಗಳಿಲ್ಲದೆ ಕೆಲವೇ ಸಾಲುಗಳಲ್ಲಿ ಮುಗಿಯುವ ನಿಯಮಕ್ಕೆ ಮಹಾವಿಜ್ಞಾನದಲ್ಲಿ ಸ್ಥಾನವಿಲ್ಲವೆಂಬುದು ಅವರ ನಿಲುವು. ಅಲೆಯನ್ನು ಸಾಗಿಸುವ ಮಾಧ್ಯಮವು ಒಂದೇ ಸಮನೆ ಹರಿಯುತ್ತಿದ್ದರೂ ಕಂಪನಾಂಕ ಬದಲಾಗದೆಂದು ಅವರು ಗಣಿತದಿಂದ ತೋರಿಸಿದರು. ಆದರೆ ಡಾಪ್ಲರ್ ಹೇಳಿದ್ದು ಮೂಲ ಅಥವಾ ಗ್ರಾಹಕ ಚಲಿಸಿದಾಗಿನ ಮಾತು. ಇಬ್ಬರೂ ಬೇರೆ ಬೇರೆ ವಿಷಯಗಳ ಬಗ್ಗೆ ಮಾತನಾಡುತ್ತಿದ್ದರು. ಬೊಲ್ಝಾನೊ ಆಗ ಬದುಕಿರಲಿಲ್ಲ, 1848ರಲ್ಲಿಯೇ ತೀರಿಕೊಂಡಿದ್ದರು. ಡಾಪ್ಲರ್ ಹೆಚ್ಚುಕಡಿಮೆ ಒಂಟಿಯಾಗಿ ತಮ್ಮ ನಿಯಮವನ್ನು ಸಮರ್ಥಿಸಿಕೊಂಡರು. ರೈಲಿನ ತುತ್ತೂರಿಯ ಸಾಕ್ಷ್ಯ ಕಣ್ಣೆದುರಿಗಿರುವಾಗ ವಿದ್ವಾಂಸರ ಸಭೆಯೊಂದು ಹೀಗೆ ನಡೆದುಕೊಂಡದ್ದು ನ್ಯಾಯವೆಂದು ಈ ಲೇಖಕನಿಗೆ ತೋರುವುದಿಲ್ಲ.

ಶ್ವಾಸಕೋಶದ ವ್ಯಾಧಿ ಉಲ್ಬಣಿಸಿತು. ಬೆಚ್ಚಗಿನ ಹವೆಯಿಂದ ಗುಣವಾದೀತೆಂಬ ಆಸೆಯಿಂದ ಆ ವರ್ಷದ ನವೆಂಬರಿನಲ್ಲಿ ಅವರು ವೆನಿಸ್ ನಗರಕ್ಕೆ ಹೊರಟರು. ಗುಣವಾಗಲಿಲ್ಲ. 1853ರ ಮಾರ್ಚ್ 17ರಂದು, ಪತ್ನಿ ಹತ್ತಿರವಿರುವಾಗಲೇ, ದೈವಾಧೀನರಾದರು. ವಯಸ್ಸು 49. ವೆನಿಸ್‌ನ ಸಾನ್ ಮಿಕೆಲೆ ದ್ವೀಪದ ರುದ್ರಭೂಮಿಯಲ್ಲಿ ಅವರನ್ನು ಮಣ್ಣು ಮಾಡಲಾಯಿತು.

ನಿಯಮ ಮಾತ್ರ ಸಾಯಲಿಲ್ಲ. 1868ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಲುಬ್ಧಕ ನಕ್ಷತ್ರದ ಬೆಳಕಿನ ಗೆರೆಗಳಲ್ಲಿ ಸೂಕ್ಷ್ಮ ಪಲ್ಲಟವನ್ನು ಅಳೆದು ಅದರ ಚಲನೆಯನ್ನು ಲೆಕ್ಕ ಹಾಕಿದರು. ಡಾಪ್ಲರ್ ಬಣ್ಣದಲ್ಲಿ ಹುಡುಕಿದ್ದು ಗೆರೆಗಳಲ್ಲಿ ಅಡಗಿತ್ತು. ಮುಂದೆ ರೇಡಿಯೋ ಬಂದಿತು. ಅದರೊಡನೆ ಈ ನಿಯಮ ಇನ್ನೊಂದು ವಿಚಿತ್ರ ರೂಪವನ್ನು ತಾಳಿತು.

ಮಾರ್ಕೋನಿಯವರು 1931ರ ಫೆಬ್ರವರಿ 12ರಂದು ವ್ಯಾಟಿಕನ್ ರೇಡಿಯೋವನ್ನು ಸಿದ್ಧಗೊಳಿಸಿ, ಜಗದ್ಗುರು 11ನೇ ಪಿಯುಸ್ ಅವರ ಧ್ವನಿಯನ್ನು ಖಂಡಾಂತರಗಳಿಗೆ ಮುಟ್ಟಿಸಿದ ಕಥೆ ವಾಚಕರಿಗೆ ತಿಳಿದದ್ದೇ. ರೋಮಿನಿಂದ ಹೊರಟ ಕಿರುತರಂಗ, ಅಂದರೆ ಶಾರ್ಟ್‌ವೇವ್, ಭೂಮಿಯ ಉಬ್ಬನ್ನು ದಾಟಿ ದೂರದೇಶಗಳಿಗೆ ತಲುಪಲು ಕಾರಣ ಅಯಾನುಮಂಡಲ. ಸೂರ್ಯನ ಅತಿನೇರಳೆ ಮತ್ತು ಎಕ್ಸ್ ಕಿರಣಗಳು ಮೇಲಣ ವಾಯುವಿನ ಕಣಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸಿ, ನೂರಾರು ಕಿಲೋಮೀಟರ್ ಎತ್ತರದಲ್ಲಿ ವಿದ್ಯುತ್ಕಣಗಳ ಪದರಗಳನ್ನು ನಿರ್ಮಿಸುತ್ತವೆ. ಅಲ್ಲಿಗೆ ಏರಿದ ಅಲೆ ಬಾಗಿ ಕೆಳಗಿಳಿಯುತ್ತದೆ, ಕನ್ನಡಿಯಲ್ಲಿ ಬೆಳಕು ತಿರುಗಿದ ಹಾಗೆ. ಇಂಥ ಪದರವಿರುವುದನ್ನು 1924ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಆಪಲ್‌ಟನ್ ಪ್ರಯೋಗದಿಂದ ಸಾಧಿಸಿದರು. 1947ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಆದರೆ ಈ ಕನ್ನಡಿ ನಿಶ್ಚಲವಾದುದಲ್ಲ. ಬೆಳಗಾಗುತ್ತಿದ್ದಂತೆ ಸೂರ್ಯಕಿರಣ ಹೊಸ ಎಲೆಕ್ಟ್ರಾನುಗಳನ್ನು ಹುಟ್ಟಿಸುತ್ತದೆ. ಅಲೆ ಮೊದಲಿಗಿಂತ ಕೆಳಗಿನ ಎತ್ತರದಲ್ಲಿಯೇ ಬಾಗುತ್ತದೆ. ಅದು ಸಾಗುವ ದಾರಿ ಕ್ಷಣಕ್ಷಣಕ್ಕೂ ಕಿರಿದಾಗುತ್ತದೆ. ಸಂಜೆ ಇದರ ವಿರುದ್ಧ: ಎಲೆಕ್ಟ್ರಾನುಗಳು ಕ್ಷೀಣಿಸಿ ಕನ್ನಡಿ ಮೇಲಕ್ಕೆ ಸರಿದಂತಾಗುತ್ತದೆ, ದಾರಿ ಉದ್ದವಾಗುತ್ತದೆ. ಪ್ರಸಾರ ಕೇಂದ್ರವೂ ಕದಲಿಲ್ಲ, ನಮ್ಮ ರೇಡಿಯೋವೂ ಕದಲಿಲ್ಲ. ಆದರೂ ದಾರಿ ಬದಲಾಗುತ್ತಿರುವುದರಿಂದ ಬೆಳಿಗ್ಗೆ ಕಂಪನಾಂಕ ಕೊಂಚ ಏರುತ್ತದೆ, ಸಂಜೆ ಕೊಂಚ ಇಳಿಯುತ್ತದೆ. ಸಮನಾಗಿ ಹರಿಯುವ ಮಾಧ್ಯಮವನ್ನು ಕುರಿತ ಪೆಟ್ಝ್‌ವಾಲ್ ಅವರ ಗಣಿತ ತನ್ನ ಮಟ್ಟಿಗೆ ಸರಿಯೇ. ಆದರೆ ಆಕಾಶದ ಈ ಮಾಧ್ಯಮ ಒಂದೇ ಸಮನಾಗಿರುವುದಿಲ್ಲ.

ಎಷ್ಟು ಏರುತ್ತದೆ? ಲೆಕ್ಕ ಸುಲಭ. 10 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 1 ಕೋಟಿ ಅಲೆಗಳು. ಒಂದೊಂದು ಅಲೆಯ ಉದ್ದ ಸುಮಾರು 30 ಮೀಟರ್. ಅಲೆಯ ದಾರಿ ಸೆಕೆಂಡಿಗೆ 15 ಮೀಟರಿನಂತೆ ಕಿರಿದಾದರೆ ಪ್ರತಿ ಸೆಕೆಂಡಿಗೆ ಅರ್ಧ ಅಲೆ ಹೆಚ್ಚಾಗಿ ಬಂದು ಸೇರುತ್ತದೆ. ಕೋಟಿಗೆ ಅರ್ಧ! ಕಿವಿಗೆ ಇದು ಎಂದೂ ತಿಳಿಯದು. ಶಾರ್ಟ್‌ವೇವ್ ಕೇಳುತ್ತಿದ್ದ ಹಿರಿಯರಿಗೆ ಧ್ವನಿ ಉಬ್ಬಿ ಕುಗ್ಗುತ್ತಿದ್ದುದು ನೆನಪಿರಬಹುದು. ಅದು ಹಲವು ದಾರಿಗಳಿಂದ ಬಂದ ಅಲೆಗಳು ಒಂದರೊಡನೊಂದು ಬೆರೆತದ್ದರ ಫಲ, ಈ ಪಲ್ಲಟವೇ ಅಲ್ಲ. ಪಲ್ಲಟವನ್ನು ಕಾಣಬೇಕಾದರೆ ಅತ್ಯಂತ ಸ್ಥಿರವಾದ ಪ್ರಸಾರ ಬೇಕು, ಅಷ್ಟೇ ಸ್ಥಿರವಾದ ಗ್ರಾಹಕ ಯಂತ್ರವೂ ಬೇಕು.

ಪರಮಾಣು ಗಡಿಯಾರದಿಂದ ನಡೆಯುವ ಅಮೆರಿಕದ ಡಬ್ಲ್ಯು.ಡಬ್ಲ್ಯು.ವಿ. ಕೇಂದ್ರವನ್ನು ಹವ್ಯಾಸಿಗಳು ಇದಕ್ಕೆ ಬಳಸುತ್ತಾರೆ. ಕೊಲರಾಡೋ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿರುವ ಆ ಕೇಂದ್ರದ ಹೆಸರಿಗೆ 2019ರಲ್ಲಿ 100 ವರ್ಷ ತುಂಬಿದಾಗ, ಹವ್ಯಾಸಿಗಳು ಅಕ್ಟೋಬರ್ 1ರಂದು ತಮ್ಮ ತಮ್ಮ ಮನೆಗಳಿಂದಲೇ ಅದರ ಕಂಪನಾಂಕವನ್ನು ದಿನವಿಡೀ ಅಳೆದು ದಾಖಲಿಸಿದರು. 2023ರ ಅಕ್ಟೋಬರ್ 14ರ ಕಂಕಣ ಗ್ರಹಣ ಮತ್ತು 2024ರ ಏಪ್ರಿಲ್ 8ರ ಪೂರ್ಣಗ್ರಹಣಗಳಲ್ಲಿಯೂ ಹೀಗೆಯೇ ಮಾಡಿದರು. ಚಂದ್ರನ ನೆರಳು ಬಿದ್ದೊಡನೆ ಅಯಾನುಮಂಡಲಕ್ಕೆ ಅಕಾಲದಲ್ಲಿ ಸಂಜೆಯಾಗುತ್ತದೆ, ಕಂಪನಾಂಕ ಇಳಿಯುತ್ತದೆ. ನೆರಳು ಸರಿದಾಗ ಮತ್ತೊಮ್ಮೆ ಬೆಳಗಾಗಿ ಏರುತ್ತದೆ. ಸೂರ್ಯನಲ್ಲಿ ಜ್ವಾಲೆಯೆದ್ದರೆ ಕೆಲವೇ ನಿಮಿಷಗಳಲ್ಲಿ ಗೆರೆ ಥಟ್ಟನೆ ಮೇಲೆ ನೆಗೆಯುವುದೂ ಉಂಟು. ದುಬಾರಿ ಉಪಗ್ರಹಗಳಿಲ್ಲದೆ, ಮನೆಯ ಮೇಜಿನ ಮೇಲೆ ಕಾಣುವ ನೋಟವಿದು.

ನಮ್ಮ ದಕ್ಷಿಣ ಭಾರತದ ಆಕಾಶಕ್ಕೆ ಬೇರೊಂದು ವೈಶಿಷ್ಟ್ಯವಿದೆ. ಭೂಕಾಂತದ ಸಮಭಾಜಕ ರೇಖೆ ಪರ್ಯಾಯ ದ್ವೀಪದ ತುದಿಯ ಸಮೀಪ ಹಾದುಹೋಗುವುದರಿಂದ, ಸೂರ್ಯಾಸ್ತದ ಹೊತ್ತಿಗೆ ಮೇಲಿನ ಪದರವನ್ನು ವಿದ್ಯುತ್ ಕ್ಷೇತ್ರವೊಂದು ನಿಜವಾಗಿಯೇ ಮೇಲಕ್ಕೆತ್ತುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ಕೊಡೈಕೆನಾಲ್ ವೀಕ್ಷಣಾಲಯದಿಂದ ರೇಡಿಯೋ ಅಲೆಗಳನ್ನು ಮೇಲಕ್ಕೆ ಕಳುಹಿಸಿ, ಹಿಂದಿರುಗಿದ ಅಲೆಯ ಡಾಪ್ಲರ್ ಪಲ್ಲಟದಿಂದ ಪದರದ ವೇಗವನ್ನು ಅಳೆದರು. ಕಲ್ಲುಕುಟಿಗರ ಮಗ ಪ್ರಾಗ್‌ನ ಸಭೆಯಲ್ಲಿ ಓದಿದ ಆ ಪ್ರಬಂಧದ ನಿಯಮವೇ ಅಲ್ಲಿ ಅಳತೆಗೋಲಾಗಿತ್ತು.